ನಲ್ಲಿಕಟ್ಟೆಯಲ್ಲಿ ಜಾರಿ ಬಿದ್ದವಳು

ನನ್ನ ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳಲ್ಲಿ ಎಡಗಡೆಯದು ಮೂಲೆಯಲ್ಲಿ ಓರೆಯಾಗಿ ಮುರಿದಿತ್ತು. ಎಂಟನೇ ಕ್ಲಾಸಿನಿಂದ ಐವತ್ತು ದಾಟುವವರೆಗೂ ಹಾಗೇ ಇತ್ತು. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಚಿಕ್ಕವಳಿದ್ದಾಗ ನಲ್ಲಿಕಟ್ಟೆಯಲ್ಲಿ ಜಾರಿ ಬಿದ್ದೆ. ಹೆಣ್ಣು ನೋಡಲು ಬಂದವರಿಗೂ ಅದನ್ನೇ ಹೇಳಿದೆ. ಮದುವೆಯಾದ ಮೇಲೆ ಗಂಡನಿಗೂ ಅದನ್ನೇ, ಮಗಳು ಹುಟ್ಟಿ ಮಾತು ಕಲಿತು ಕೇಳಿದಾಗ ಅವಳಿಗೂ ಅದನ್ನೇ. ಎಷ್ಟು ಸಲ ಹೇಳಿದ್ದೆನೆಂದರೆ ಆ ಕಟ್ಟೆಯ ಪಾಚಿ ಕೂಡ ನನಗೆ ಕಾಣುತ್ತಿತ್ತು.

ನಿಜಕ್ಕೂ ಹಲ್ಲು ಮುರಿದದ್ದು ಲೆಕ್ಕದ ಮೇಷ್ಟ್ರ ಡಸ್ಟರಿನಿಂದ.

ಯಲಹಂಕದ ಹೈಸ್ಕೂಲು. ಊಟದ ನಂತರದ ಪೀರಿಯಡ್ಡು. ಮೇಷ್ಟ್ರು ನಮಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರು. ಅವರ ಪ್ಯಾಂಟಿನ ಹಿಂದೆ ಸೀಮೆಸುಣ್ಣದ ಕೈ ಒರೆಸಿಕೊಂಡ ಗುರುತಿತ್ತು. ನನ್ನ ಪಕ್ಕದಲ್ಲಿ ಕೂತವಳು ಕಿವಿಯಲ್ಲಿ, "ನೋಡೇ, ಎಮ್ಮೆ ಬಾಲ ಬೀಸ್ದಂಗಿದೆ" ಅಂದಳು. ನಾನು ನಕ್ಕುಬಿಟ್ಟೆ. ಜೋರಾಗೇ ನಕ್ಕೆ. ಅವರು ತಿರುಗಿದರು, ಕೈಲಿದ್ದ ಡಸ್ಟರನ್ನು ಎಸೆದರು. ಯಾರು ನಕ್ಕದ್ದು ಅಂತ ನೋಡಲೂ ಇಲ್ಲ, ಶಬ್ದ ಬಂದ ಕಡೆಗೆ ಎಸೆದರು. ಹಿಂದೆ ಮರದ ಹಲಗೆ ಇರುವ ಹಳೇ ಕಾಲದ ಡಸ್ಟರು ಅದು. ಬಾಯಿಗೆ ಬಡಿಯಿತು. ನೋಟ್‌ಬುಕ್ಕಿನ ಮೇಲೆ ರಕ್ತದ ಜೊತೆ ಅಕ್ಕಿ ನುಚ್ಚಿನಂಥ ಒಂದು ಬಿಳಿ ಚೂರು ಬಿತ್ತು. ಅದು ನನ್ನ ಹಲ್ಲೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹೋಗಿ ಬಾಯಿ ತೊಳ್ಕೊಂಡು ಬಾ" ಅಂದರು ಮೇಷ್ಟ್ರು. ಆಮೇಲೆ ತಿರುಗಿ ಲೆಕ್ಕ ಮುಂದುವರಿಸಿದರು. ಕ್ಲಾಸಿನಲ್ಲಿ ನಲವತ್ತು ಜನ ಇದ್ದೆವು. ಒಬ್ಬರೂ ಉಸಿರೆತ್ತಲಿಲ್ಲ.

ಅವತ್ತು ಸಂಜೆ ಅವರು ನಮ್ಮ ಮನೆಗೆ ಬಂದರು. ನಾನು ಒಳಗಿನ ರೂಮಿನಲ್ಲಿ ಚಾಪೆಯ ಮೇಲೆ ಬಾಯಿಗೆ ಅರಿಸಿನ ಹಚ್ಚಿದ ಬಟ್ಟೆ ಒತ್ತಿಕೊಂಡು ಮಲಗಿದ್ದೆ. ತುಟಿ ಬದನೆಕಾಯಿಯ ಹಾಗೆ ಊದಿತ್ತು. ಹೊರಗೆ ಅಪ್ಪ ಮತ್ತು ಮೇಷ್ಟ್ರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದದ್ದು ಗುಜುಗುಜು ಎಂದು ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಒಳಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ನೋಡು, ಯಾರ್ ಕೇಳಿದ್ರೂ ನಲ್ಲಿಕಟ್ಟೇಲಿ ಜಾರಿ ಬಿದ್ದೆ ಅನ್ನು. ಮೇಷ್ಟ್ರ ಹೆಸರು ಕೆಡಬಾರದು. ತಿಳೀತಾ?"

ನನ್ನ ಅಣ್ಣ ಆಗ ಹತ್ತನೇ ಕ್ಲಾಸು. ಮೇಷ್ಟ್ರು ಅವನಿಗೆ ತಮ್ಮ ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಅಪ್ಪ ನನ್ನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿಸಿದರು. ಮೇಷ್ಟ್ರು ನನ್ನ ತಲೆ ಮುಟ್ಟಿ, "ಹುಷಾರಾಗಿ ಓಡಾಡಮ್ಮ" ಅಂದರು.

ಡಸ್ಟರಿನ ಏಟನ್ನು ನಾನು ಮರೆಯಬಹುದಿತ್ತೋ ಏನೋ. ಆ ಮಾತನ್ನು ಮರೆಯಲಾಗಲಿಲ್ಲ.

ಅಲ್ಲಿಂದ ಮುಂದೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತೆ. ಕ್ಲಾಸಿನಲ್ಲಿ ನನಗೆ 'ಮುರುಕಿ' ಅಂತ ಹೆಸರು ಬಿತ್ತು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋದಲ್ಲೂ ನನ್ನ ಹಲ್ಲು ಕಾಣುವುದಿಲ್ಲ. ಯಾರೋ ಬೈದು ತಂದು ಕೂರಿಸಿದ ಹಾಗೆ ಕೂತಿದ್ದೇನೆ. ಕೊಡಿಗೇಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಬ್ಲೌಸ್ ಹೊಲಿಯುವುದಕ್ಕೆ ಶುರುಮಾಡಿದೆ. ಮೊದಲು ಮನೆಯಲ್ಲಿ, ಆಮೇಲೆ ಮುಖ್ಯರಸ್ತೆಯ ಪಕ್ಕ ಒಂದು ಮಳಿಗೆಯಲ್ಲಿ. ಮಿಷನ್ ತುಳಿಯುವಾಗ ತಲೆ ಖಾಲಿ ಇರುತ್ತದಲ್ಲ, ಆಗ ಮೇಷ್ಟ್ರಿಗೆ ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ವರ್ಷಗಟ್ಟಲೆ ಯೋಚಿಸಿದ್ದೇನೆ. ಒಂದು ದಿನ ಹೀಗೆ ಬೈಯುತ್ತಿದ್ದೆ, ಇನ್ನೊಂದು ದಿನ ಹಾಗೆ. ಅವರ ಹೆಂಡತಿ ತೀರಿಕೊಂಡರೆಂದು ಯಾರೋ ಅಂಗಡಿಯಲ್ಲಿ ಹೇಳಿದಾಗ ನನಗೆ ಮೊದಲು ಅನ್ನಿಸಿದ್ದು 'ಆಗಲಿ' ಅಂತ. ಆಮೇಲೆ ನಾಚಿಕೆಯಾಯಿತು. ಆದರೆ ಮೊದಲು ಅನ್ನಿಸಿದ್ದು ಅದೇ.

ಹಲ್ಲು ಸರಿಮಾಡಿಸುವ ಮಾತು ತೆಗೆದವಳು ನನ್ನ ಮಗಳು. ಅಂಗಡಿಗೆ ಒಂದು ಇನ್‌ಸ್ಟಾಗ್ರಾಮ್ ಪೇಜು ಮಾಡಿದ್ದಳು. ಕಸೂತಿ ಹಾಕಿದ ಬ್ಲೌಸುಗಳ ಫೋಟೋ ಹಾಕುತ್ತಿದ್ದಳು, ಜೊತೆಗೆ ನನ್ನದೂ ಒಂದು ಹಾಕಬೇಕೆಂದು ಹಟ ಹಿಡಿದಿದ್ದಳು.

"ಅಮ್ಮ, ಸ್ವಲ್ಪ ನಗು. ಕಸ್ಟಮರ್‌ಗಳು ಹೆದರ್ಕೊಂಡು ಓಡಿಹೋಗ್ತಾರೆ."

"ನನ್ನ ಮುಖ ಯಾಕೆ? ಬ್ಲೌಸ್ ಹಾಕು ಸಾಕು."

"ಈಗೆಲ್ಲ ಒಂದೇ ಗಂಟೇಲಿ ಸರಿ ಮಾಡ್ತಾರೆ ಅಮ್ಮ. ಒಂದ್ಸಲ ತೋರಿಸೋಣ ಬಾ."

ಅವಳು ಮೊದಲು ಕರೆದುಕೊಂಡು ಹೋದದ್ದು ತಣಿಸಂದ್ರದ ಕಡೆಯ ಒಂದು ದೊಡ್ಡ ಕ್ಲಿನಿಕ್ಕಿಗೆ. ಗಾಜಿನ ಬಾಗಿಲು, ಎಸಿ, ಒಳಗೆ ಹೋಟೆಲಿನ ಹಾಗೆ ಸೋಫಾ. ಡಾಕ್ಟರು ನೋಡುವುದಕ್ಕೆ ಮುಂಚೆಯೇ ಒಬ್ಬ ಹುಡುಗಿ ಟ್ಯಾಬಿನಲ್ಲಿ ನನ್ನ ಫೋಟೋ ತೆಗೆದು ಏನೋ ಒತ್ತಿ ತೋರಿಸಿದಳು. ನನ್ನ ಮುಖದಲ್ಲಿ ಟಿವಿಯಲ್ಲಿ ಬರುವ ಯಾರದೋ ಬಾಯಿ. ಎಂಟು ಹಲ್ಲು, ಎಲ್ಲವೂ ಬಾತ್‌ರೂಮಿನ ಟೈಲ್ಸಿನ ಬಿಳುಪು. ಮುಂದಿನ ಎಂಟಕ್ಕೂ ವೆನೀರ್ ಹಾಕಿಸಬೇಕಂತೆ.

"ಮುರಿದಿರೋದು ಒಂದೇ ಅಲ್ವೇನಮ್ಮ?" ಅಂದೆ.

"ಒಂದನ್ನೇ ಮಾಡಿದ್ರೆ ಮ್ಯಾಚ್ ಆಗಲ್ಲ ಆಂಟಿ. ಸ್ಮೈಲ್ ಮೇಕೋವರ್ ಅಂದ್ರೆ ಪೂರ್ತಿ ಮಾಡ್ಬೇಕು."

ಒಂದು ಹುಕ್ಕು ಹಾಕಿಸಲು ಬಂದವಳಿಗೆ ಹೊಸ ಬ್ಲೌಸೇ ಹೊಲಿಸಿಕೊಳ್ಳಿ ಎನ್ನುವ ಟೈಲರುಗಳನ್ನು ನಾನು ಬಲ್ಲೆ. ಯೋಚನೆ ಮಾಡ್ತೀವಿ ಅಂತ ಹೇಳಿ ಎದ್ದು ಬಂದೆವು.

ಆಮೇಲೆ ನಮ್ಮ ಕೊಡಿಗೇಹಳ್ಳಿಯಲ್ಲೇ ಮೆಡಿಕಲ್ ಶಾಪಿನ ಮೇಲಿರುವ ಚಿಕ್ಕ ಕ್ಲಿನಿಕ್ಕಿಗೆ ಹೋದೆವು. ನನ್ನದೇ ವಯಸ್ಸಿನ ಲೇಡಿ ಡಾಕ್ಟರು. ಆಕೆ ಮೊದಲು ಹತ್ತಿಯ ಉಂಡೆಗೆ ಏನೋ ಸಿಂಪಡಿಸಿ ಮುರಿದ ಹಲ್ಲಿಗೆ ಒತ್ತಿದರು. ಐಸ್ ಇಟ್ಟ ಹಾಗೆ ಜುಂ ಎಂದಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಒಳ್ಳೇದು" ಅಂದರು. "ಹಲ್ಲಿಗೆ ಜೀವ ಇದೆ. ರೂಟ್ ಕೆನಾಲ್ ಬೇಡ."

ಆಮೇಲೆ ಒಂದು ಕಾಗದದ ಹಿಂಬದಿಯಲ್ಲಿ ಹಲ್ಲಿನ ಚಿತ್ರ ಬರೆದು ಒಂದೊಂದನ್ನೇ ಬಿಡಿಸಿ ಹೇಳಿದರು. ಬಾಂಡಿಂಗ್ ಅಂದರೆ ಹಲ್ಲಿನ ಬಣ್ಣದ ಪೇಸ್ಟನ್ನು ಮುರಿದ ಜಾಗಕ್ಕೆ ಪದರ ಪದರವಾಗಿ ಹಚ್ಚಿ, ನೀಲಿ ಲೈಟು ಬಿಟ್ಟು ಗಟ್ಟಿ ಮಾಡುವುದು. ಒಂದೇ ಸಲಕ್ಕೆ ಮುಗಿಯುತ್ತದೆ, ಹಲ್ಲನ್ನು ಹೆಚ್ಚು ಕೆರೆಯುವುದಿಲ್ಲ. ಆದರೆ ಕಾಫಿ, ಅರಿಸಿನದ ಬಣ್ಣ ಹಿಡಿಯಬಹುದು. ಕೆಲವು ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು, ಚೂರು ಎದ್ದರೆ ಮತ್ತೆ ಹಚ್ಚಿಸಬೇಕು. ಮುರಿದ ಜಾಗದ ಅಳತೆ ಕೊಟ್ಟು ಆ ಚೂರನ್ನು ಲ್ಯಾಬಿನಲ್ಲಿ ಮಾಡಿಸಿ ತಂದು ಅಂಟಿಸುವುದೂ ಉಂಟು. ಇನ್ನು ವೆನೀರ್ ಅಂದರೆ ಪಿಂಗಾಣಿಯ ತೆಳು ಪೊರೆ. ಬಣ್ಣ ಕೆಡುವುದಿಲ್ಲ, ಹೆಚ್ಚು ಕಾಲ ಬರುತ್ತದೆ. ಆದರೆ ಅದಕ್ಕಾಗಿ ಹಲ್ಲಿನ ಮುಂಭಾಗವನ್ನು ಕೆರೆಯಬೇಕು, ಕೆರೆದದ್ದು ಮತ್ತೆ ಬರುವುದಿಲ್ಲ. ಹಲ್ಲಿಗೆ ಪೂರ್ತಿ ಟೊಪ್ಪಿಯ ಹಾಗೆ ಕೂರಿಸುವ ಕ್ಯಾಪಿಗೆ ಸುತ್ತಲೂ ಕೊರೆಯಬೇಕು, ನನಗೆ ಅದರ ಅಗತ್ಯವೇ ಇಲ್ಲ.

"ನಿಮ್ಮ ಕೆಲಸ ಏನು?" ಅಂತ ಕೇಳಿದರು.

"ಟೈಲರಿಂಗ್."

"ದಾರ ಹಲ್ಲಲ್ಲೇ ಕಡೀತೀರಾ?"

"ಇನ್ಯಾತರಲ್ಲಿ ಕಡೀಲಿ?"

ಮಗಳು ನಕ್ಕಳು. ಡಾಕ್ಟರು ನಗಲಿಲ್ಲ. "ಬಾಂಡಿಂಗ್ ಮಾಡಿಸಿದ್ರೆ ಅದನ್ನ ಬಿಡ್ಬೇಕು. ವೆನೀರ್ ಆದ್ರೂ ಬಿಡ್ಬೇಕು. ಕತ್ತರಿ ಕೈಗೆ ಸಿಗೋ ಹಾಗೆ ಇಟ್ಕೊಳಿ."

ಇರುವ ಹಲ್ಲನ್ನು ಇನ್ನೂ ಕೆರೆಸುವುದು ನನಗೆ ಬೇಡವಾಗಿತ್ತು. ಬಾಂಡಿಂಗ್ ಸಾಕು ಅಂದೆ. ಸರಿ ಅಂತ ಅವರು ಕಾರ್ಡು ತೆಗೆದುಕೊಂಡು ಹೆಸರು, ವಯಸ್ಸು ಬರೆದರು. ಆಮೇಲೆ ತಲೆ ಎತ್ತದೆ ಕೇಳಿದರು: "ಹೇಗೆ ಮುರೀತು?"

"ನಲ್ಲಿಕ..." ಅಂದವಳು ನಿಲ್ಲಿಸಿದೆ. ಅವರ ಪೆನ್ನು ಕಾಯುತ್ತಿತ್ತು. ಅಲ್ಲಿಯವರೆಗೆ ಯಾರೂ ನಾನು ಹೇಳಿದ್ದನ್ನು ಬರೆದುಕೊಂಡಿರಲಿಲ್ಲ. ಆ ಸುಳ್ಳನ್ನು ಕಾಗದದ ಮೇಲೆ ಬರೆಸುವುದಕ್ಕೆ ನನಗೆ ಆಗಲಿಲ್ಲ.

"ಡಸ್ಟರಲ್ಲಿ ಹೊಡೆದ್ರು. ಲೆಕ್ಕದ ಮೇಷ್ಟ್ರು. ಎಂಟನೇ ಕ್ಲಾಸು."

ಅವರು ಬರೆದುಕೊಂಡರು. ಮಗಳು ನನ್ನನ್ನೇ ನೋಡುತ್ತಿದ್ದಳು. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡಳು. ಮನೆ ಸೇರುವಷ್ಟರಲ್ಲಿ ಎಲ್ಲ ಹೇಳಿದ್ದೆ.

ಅದೇ ವಾರ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಗುರುವಂದನೆಯ ವಿಷಯ ಬಂತು. ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ ಹಳೇ ಮೇಷ್ಟ್ರುಗಳನ್ನೆಲ್ಲ ಕರೆಸಿ ಸನ್ಮಾನ ಮಾಡುವುದು. ಖರ್ಚೆಲ್ಲ ನಮ್ಮ ಜೊತೆ ಓದಿದ ಒಬ್ಬನದು. ಅವರದು ಹಳೇ ಊರಿನ ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅವನು ಅಪಾರ್ಟ್‌ಮೆಂಟು ಕಟ್ಟಿದ್ದಾನೆ. ಒಬ್ಬೊಬ್ಬ ಮೇಷ್ಟ್ರಿಗೆ ಒಬ್ಬೊಬ್ಬರು ಹಾರ ಹಾಕಬೇಕು ಅಂತ ಅವನೇ ಪಟ್ಟಿ ಮಾಡುತ್ತಿದ್ದ. 'ಲೆಕ್ಕದ ಮೇಷ್ಟ್ರಿಗೆ ಯಾರು?' ಅಂತ ಕೇಳಿದ.

ಅವತ್ತು ನನ್ನ ಕಿವಿಯಲ್ಲಿ ಎಮ್ಮೆಯ ಬಾಲದ ಮಾತು ಹೇಳಿದವಳು ಉತ್ತರ ಹಾಕಿದಳು: 'ಮುರುಕಿನೇ ಹಾಕ್ಲಿ. ಅವಳಿಗೇ ತಾನೆ ಜಾಸ್ತಿ ಪ್ರಸಾದ ಸಿಕ್ಕಿದ್ದು!' ಕೆಳಗೆ ಸಾಲಾಗಿ ನಗುವ ಮುಖಗಳು ಬಿದ್ದವು. ಇಪ್ಪತ್ತಕ್ಕೂ ಹೆಚ್ಚು.

ಅಂದರೆ ಎಲ್ಲರಿಗೂ ನೆನಪಿತ್ತು. ಎಲ್ಲರೂ ನೋಡಿದ್ದರು, ಮರೆತಿರಲಿಲ್ಲ, ನಗುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. 'ಆಗಲಿ, ನಾನೇ ಹಾಕ್ತೀನಿ' ಅಂತ ಬರೆದೆ.

ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಮುಂದೂಡಿದೆ.

"ಫಂಕ್ಷನ್ ಇದೆ ಅಂತೀರ. ಎಲ್ಲರೂ ಫಂಕ್ಷನ್‌ಗೆ ಮುಂಚೆ ಮಾಡ್ಸೋಕೆ ಬರ್ತಾರೆ" ಅಂದರು ಅವರು.

"ಇಲ್ಲ ಮೇಡಂ. ಅವತ್ತು ಇದು ಹೀಗೇ ಇರ್ಬೇಕು."

"ಆಯ್ತು. ನಿಮಗೆ ಯಾವಾಗ ಬೇಕೋ ಆವಾಗ ಬನ್ನಿ" ಅಂದರು.

ಗುರುವಂದನೆಯ ದಿನ ನಾನು ನನ್ನ ಬೀರುವಿನ ಒಳ್ಳೇ ಸೀರೆ ಉಟ್ಟೆ. ಲಿಪ್‌ಸ್ಟಿಕ್ ಹಚ್ಚಿಕೊಂಡೆ. ನಾನು ಎಂದೂ ಹಚ್ಚಿದವಳಲ್ಲ. ಜನರ ಕಣ್ಣು ಬಾಯಿಯ ಮೇಲೆ ಬೀಳಲಿ ಅಂತಲೇ ಹಚ್ಚಿದೆ. ಮಗಳು ಜೊತೆಗೆ ಬರ್ತೀನಿ ಅಂದಳು. ಬೇಡ ಅಂದೆ.

ಮಂಟಪದಲ್ಲಿ ಸ್ಟೇಜಿನ ಮೇಲೆ ಏಳು ಕುರ್ಚಿ. ಲೆಕ್ಕದ ಮೇಷ್ಟ್ರು ನಡುವೆ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ಕತ್ತು ಶರ್ಟಿನ ಕಾಲರಿನೊಳಗೆ ಕೋಲಿನ ಹಾಗಿತ್ತು. ತಲೆಗೆ ಮೈಸೂರು ಪೇಟ ತೊಡಿಸಿದ್ದರು, ಅದು ಕಿವಿಯ ಮೇಲೆ ಜಾರುತ್ತಿತ್ತು. ನೋಡಿದರೆ ಯಾರಿಗಾದರೂ ಪಾಪ ಅನ್ನಿಸಬೇಕು. ನನಗೂ ಅನ್ನಿಸೀತೆಂದು ಹೆದರಿ ನಾನು ಅವರ ಕೈಗಳನ್ನು ನೋಡಿದೆ. ಕೈ ಬದಲಾಗಿರಲಿಲ್ಲ. ಉದ್ದ ಬೆರಳು, ಅಗಲ ಉಗುರು.

ನನ್ನ ಸರದಿ ಬಂತು. ಅಪಾರ್ಟ್‌ಮೆಂಟಿನವನೇ ನಿರೂಪಣೆ ಮಾಡುತ್ತಿದ್ದ. ಹಾರ ಹಾಕುವ ಮುಂಚೆ ಎರಡು ಮಾತಾಡಬೇಕು ಅಂತ ಎಲ್ಲರಿಗೂ ಮೈಕು ಕೊಡುತ್ತಿದ್ದರು. ನಾನು ಹಾರವನ್ನು ಎಡಗೈಯಲ್ಲಿ ಹಿಡಿದು ಮೈಕು ತೆಗೆದುಕೊಂಡು ಮೇಷ್ಟ್ರ ಎದುರಿಗೆ ನಿಂತೆ.

"ಸಾರ್, ನನ್ನ ಗುರುತು ಸಿಕ್ತಾ?"

"ಎಲ್ರೂ ನನ್ನ ಮಕ್ಕಳೇ ಅಮ್ಮ" ಅಂದರು ನಗುತ್ತಾ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಒಂದೊಂದು ಹಲ್ಲೂ ಸಾಲಾಗಿ ನೆಟ್ಟಗಿತ್ತು.

"ಈ ಹಲ್ಲು ನೋಡಿ ಸಾರ್. ಇದು ನಿಮ್ಮ ಡಸ್ಟರಿಂದ ಮುರಿದಿದ್ದು."

ಹಾಲೆಲ್ಲ ಘೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ನಿರೂಪಕ ತನ್ನ ಮೈಕಿನಲ್ಲಿ, "ನೋಡ್ರಪ್ಪಾ, ನಮಗೆಲ್ಲ ಬರೀ ಮಾರ್ಕ್ಸ್ ಕೊಟ್ರು, ಇವಳಿಗೆ ಆಟೋಗ್ರಾಫೇ ಹಾಕ್ಕೊಟ್ಟಿದಾರೆ!" ಅಂದ. ಇನ್ನಷ್ಟು ನಗು. ಮೇಷ್ಟ್ರು ಕೂಡ ನಕ್ಕರು. ಮೈಕಿಗೆ ಕೈ ಚಾಚಿದರು, ಕೊಟ್ಟೆ.

"ಅವತ್ತು ಏಟು ತಿಂದಿದ್ದಕ್ಕೇ ಇವತ್ತು ನೀವೆಲ್ಲ ಈ ಮಟ್ಟಕ್ಕೆ ಬಂದಿದೀರಿ. ಕಲ್ಲಿಗೆ ಉಳಿ ಏಟು ಬಿದ್ರೆ ತಾನೆ ಮೂರ್ತಿ ಆಗೋದು" ಅಂದರು.

ಚಪ್ಪಾಳೆಯೋ ಚಪ್ಪಾಳೆ. ನನ್ನ ಹಲ್ಲು ಮುರಿದದ್ದಕ್ಕೆ ನಾಲ್ಕುನೂರು ಕೈಗಳು ಚಪ್ಪಾಳೆ ತಟ್ಟಿದವು. ನಾನು ಮನೆಯಿಂದ ಹೊರಡುವಾಗ ಇಷ್ಟು ಹೇಳಿದರೆ ಸಾಕು, ಅವರ ಮುಖ ಸಣ್ಣಗಾದರೆ ಸಾಕು ಅಂದುಕೊಂಡಿದ್ದೆ. ಈಗ ಸಾಕೆನಿಸಲಿಲ್ಲ. ಅವರ ಕೈಯಿಂದ ಮೈಕು ಕಿತ್ತುಕೊಂಡೆ. ಕಿತ್ತುಕೊಂಡೆ ಅಂತಲೇ ಹೇಳಬೇಕು.

"ಏಟಿನ ಮಾತಾಡ್ತಿಲ್ಲ ಸಾರ್. ಅವತ್ತು ಸಂಜೆ ನಮ್ಮನೆಗೆ ಬಂದ್ರಲ್ಲ, ನಾನು ನಲ್ಲಿಕಟ್ಟೇಲಿ ಜಾರಿ ಬಿದ್ದೆ ಅಂತ ಹೇಳಿಸಿದ್ರಲ್ಲ. ನಿಮ್ಮ ಕಾಲಿಗೆ ಬೀಳಿಸ್ಕೊಂಡು ಹುಷಾರಾಗಿ ಓಡಾಡಮ್ಮ ಅಂದ್ರಲ್ಲ. ನಾನು ನನ್ನ ಗಂಡನಿಗೂ ಸುಳ್ಳು ಹೇಳ್ಕೊಂಡೇ ಬದುಕಿದೀನಿ. ಇಲ್ಲಿ ಕೂತಿರೋ ನಮ್ಮ ಕ್ಲಾಸಿನೋರೆಲ್ಲ ಅವತ್ತು ನೋಡಿದಾರೆ. ನಾನು ಬಿದ್ನೋ, ನೀವು ಹೊಡೆದ್ರೋ? ಅಷ್ಟು ಹೇಳಿ ಸಾಕು."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರ ನಗು ಮುಖದ ಮೇಲೆ ಹಾಗೇ ನಿಂತಿತ್ತು, ತೆಗೆಯುವುದು ಹೇಗೆಂದು ತಿಳಿಯದವರ ಹಾಗೆ. ಮೈಕು ಸತ್ತುಹೋಯಿತು, ಯಾರೋ ಆಫ್ ಮಾಡಿದರು. ನಿರೂಪಕ ನನ್ನ ಹತ್ತಿರ ಬಂದು ಹಲ್ಲು ಕಚ್ಚಿ, "ಹಾರ ಹಾಕಿ ಇಳಿ ತಾಯಿ, ದೊಡ್ಡೋರ ಮುಂದೆ ಏನಿದು" ಅಂದ. ನಾನು ಹಾರವನ್ನು ಟೀಪಾಯಿಯ ಮೇಲೆ ಹಣ್ಣಿನ ತಟ್ಟೆಯ ಪಕ್ಕ ಇಟ್ಟು ಇಳಿದು ಬಂದೆ. ಊಟಕ್ಕೆ ನಿಲ್ಲಲಿಲ್ಲ.

ಯಲಹಂಕದಿಂದ ಕೊಡಿಗೇಹಳ್ಳಿಯವರೆಗೂ ಆಟೋದಲ್ಲಿ ಬಂದೆ. ನನಗೆ ದುಃಖವಾಗಿದೆ ಅಂದುಕೊಂಡೆ. ಆಟೋದ ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ನಾನು ನಗುತ್ತಿದ್ದೆ.

ಸಂಜೆಯೊಳಗೆ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. ನಮ್ಮ ಬ್ಯಾಚಿನ ಇಬ್ಬರು ಹೊಲಿಯಲು ಕೊಟ್ಟಿದ್ದ ಬ್ಲೌಸ್ ಪೀಸುಗಳನ್ನು ಹಾಗೇ ವಾಪಸ್ ತರಿಸಿಕೊಂಡರು. ಎಮ್ಮೆ ಬಾಲದವಳು ಫೋನ್ ಮಾಡಿದಳು.

"ಎಂಬತ್ತರ ಹತ್ರ ಬಂದಿರೋ ಮುದುಕಪ್ಪನಿಗೆ ಹಿಂಗೆ ಅವಮಾನ ಮಾಡ್ತಾರೇನೇ?"

"ಅವತ್ತು ನಾನು ನಕ್ಕಿದ್ದು ನಿನ್ನ ಮಾತಿಗೆ ಕಣೇ. ನೀನಾದ್ರೂ ಎದ್ದು ಹೇಳಬಹುದಿತ್ತು."

ಅವಳು ಫೋನಿಟ್ಟಳು. ನನಗೆ ಅದೂ ಖುಷಿಯಾಯಿತು.

ನಾಲ್ಕು ದಿನದ ಮೇಲೆ ಮೇಷ್ಟ್ರ ಮಗಳು ಅಂಗಡಿಗೆ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಪರಿಚಯ ಹೇಳಿಕೊಂಡು ಸ್ಟೂಲಿನ ಮೇಲೆ ಕೂತಳು.

"ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಯಾರ ಹತ್ರನೂ ಮಾತಾಡ್ತಿಲ್ಲ. ನೀವು ಒಂದ್ಸಲ ಬಂದು, ಹೋಗ್ಲಿ ಬಿಡಿ ಸಾರ್ ಅಂತ ಒಂದು ಮಾತು ಹೇಳಿದ್ರೆ..."

ನನ್ನ ಒಳಗೆ ಏನೋ ಹಾಲು ಕುಡಿದ ಹಾಗೆ ತಣ್ಣಗಾಯಿತು. ಊಟ ಬಿಟ್ಟಿದ್ದಾರಂತೆ. ಹಲ್ಲು ಮುರಿದಾಗ ನಾನು ಹದಿನೈದು ದಿನ ಗಂಜಿ ಕುಡಿದಿದ್ದೆ. ಸುಳ್ಳು ಯಾಕೆ, ಆ ಹೆಣ್ಣುಮಗಳ ಮುಖ ನೋಡುತ್ತಲೇ ನನಗೆ ಸಂತೋಷವಾಯಿತು.

"ಅವತ್ತು ಅವರೇ ನಮ್ಮ ಮನೇವರೆಗೂ ನಡ್ಕೊಂಡು ಬಂದಿದ್ರು" ಅಂದೆ. "ಈಗ್ಲೂ ಅವರೇ ಬರ್ಲಿ."

"ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ ಆಂಟಿ."

"ನನ್ನ ಅಂಗಡೀಗೆ ಎರಡೇ ಮೆಟ್ಟಿಲಮ್ಮ."

ಅವಳು ಎದ್ದು ಹೋದಳು. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಕಾರು ಬಂದು ನಿಂತಿತು. ಮಗಳ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಊರುಗೋಲು ಊರಿ ಅವರು ಆ ಎರಡು ಮೆಟ್ಟಿಲು ಹತ್ತಿದರು. ನಾನು ಕೈಕೊಡಲಿಲ್ಲ. ಮಿಷನ್ನಿನ ಹಿಂದೆ ಕೂತೇ ಇದ್ದೆ.

ಕೂತು ಉಸಿರು ಸುಧಾರಿಸಿಕೊಂಡ ಮೇಲೆ ಅವರು ಕೇಳಿದರು: "ಎಲ್ಲಿ, ತೋರಿಸಮ್ಮ."

ನಾನು ಎದ್ದು ಅವರ ಮುಂದೆ ಬಗ್ಗಿ ತುಟಿ ಎತ್ತಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಲೆಕ್ಕದ ಪುಸ್ತಕ ನೋಡುವ ಹಾಗೆಯೇ ಹುಬ್ಬು ಗಂಟಿಕ್ಕಿ ನೋಡಿದರು. ನನ್ನ ಬೆನ್ನು ನೋಯುತ್ತಿತ್ತು, ಆದರೂ ನಾನು ತುಟಿ ಬಿಡಲಿಲ್ಲ.

"ನೆನಪಿದೆ" ಅಂದರು. "ಸ್ಟೇಜ್ ಮೇಲೂ ನೆನಪಾಯ್ತು. ಆದ್ರೆ ಅಷ್ಟು ಜನದ ಮುಂದೆ ಬಾಯಿ ಬರಲಿಲ್ಲ."

ನಾನು ಹೋಗಿ ಮತ್ತೆ ಮಿಷನ್ನಿನ ಹಿಂದೆ ಕೂತೆ.

"ಒಂದು ಮಾತಮ್ಮ. ನಲ್ಲಿಕಟ್ಟೆ ಅಂತ ಅಂದದ್ದು ನಾನಲ್ಲ. ನಾನು ಅವತ್ತು ತಪ್ಪಾಯ್ತು ಅಂತ ಹೇಳೋಕೇ ಬಂದಿದ್ದೆ. ನಿಮ್ಮಪ್ಪನೇ ಅಂದ್ರು, ಹೆಣ್ಣುಮಗು, ನಾಳೆ ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ, ಬಿದ್ಲು ಅಂದ್ಬಿಡೋಣ ಅಂತ."

ನನಗೆ ಮೈಯೆಲ್ಲ ಉರಿಯಿತು. "ಸತ್ತೋರ ತಲೆ ಮೇಲೆ ಹಾಕ್ಬೇಡಿ ಸಾರ್!"

ಅವರ ಮಗಳು ಬಾಗಿಲ ಹತ್ತಿರದಿಂದ ಮುಂದೆ ಬಂದಳು. ಅವರು ಕೈಯೆತ್ತಿ ಅವಳನ್ನು ತಡೆದರು.

"ಹಾಕ್ತಿಲ್ಲ. ಅವರಂದ್ರು, ನಾನು ಹೂಂ ಅಂದೆ. ಹೂಂ ಅಂದಿದ್ದು ನಾನೇ. ನನಗೂ ಅದೇ ಅನುಕೂಲ ಆಗಿತ್ತು." ಆಮೇಲೆ ಊರುಗೋಲು ನೋಡುತ್ತಾ ಹೇಳಿದರು: "ತಪ್ಪಾಯ್ತಮ್ಮ."

'ಪರವಾಗಿಲ್ಲ ಬಿಡಿ ಸಾರ್' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರಾದರೂ ತಪ್ಪಾಯ್ತು ಅಂದರೆ ನಮಗೆ ತಾನಾಗಿ ಬಂದುಬಿಡುತ್ತದೆ ಅದು. ನುಂಗಿಕೊಂಡೆ. ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ ಅದು. "ಸರಿ ಸಾರ್" ಅಂದೆ ಅಷ್ಟೇ. ಅವರು ಇನ್ನೇನಾದರೂ ಬರುತ್ತದೆಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಎದ್ದು ಹೋದರು. ಕಾರಿನ ಬಾಗಿಲು ಮುಚ್ಚುವವರೆಗೂ ನಾನು ಅಲ್ಲಾಡಲಿಲ್ಲ.

ಇಷ್ಟು ವರ್ಷ ಆ ಗಳಿಗೆಗೆ ಕಾದಿದ್ದೆ. ಬಂದಾಗ ಅದು ಪೂರ್ತಿ ನನ್ನ ಕೈಗೆ ಸಿಗಲಿಲ್ಲ. ಅವರು ಅಪ್ಪನನ್ನು ನಡುವೆ ತಂದು ಕೂರಿಸಿ ಹೋಗಿದ್ದರು.

ಮಂಗಳವಾರ ಡಾಕ್ಟರ ಹತ್ತಿರ ಹೋದೆ. ಅವರು ಹಲ್ಲಿನ ಬಣ್ಣ ನೋಡುವ ಪಟ್ಟಿ ತೆಗೆದರು. ನಮ್ಮ ದಾರದ ಶೇಡ್ ಕಾರ್ಡಿನ ಹಾಗೇ, ಬಿಳಿಯಿಂದ ಹಳದಿಯವರೆಗೆ ಸಾಲಾಗಿ ಪುಟ್ಟ ಹಲ್ಲುಗಳು. ಒಂದನ್ನು ಆರಿಸಿ ನನ್ನ ಹಲ್ಲಿನ ಪಕ್ಕ ಹಿಡಿದರು.

"ಟ್ಯೂಬ್‌ಲೈಟಲ್ಲಿ ನೋಡ್ಬೇಡಿ ಮೇಡಂ. ಬಣ್ಣ ಮೋಸ ಮಾಡುತ್ತೆ. ಕಿಟಕಿ ಹತ್ರ ಬನ್ನಿ" ಅಂದೆ.

"ನಾನೂ ಅದನ್ನೇ ಹೇಳೋಳಿದ್ದೆ" ಅಂತ ನಕ್ಕರು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಕೈಗನ್ನಡಿ ಹಿಡಿದು ನೋಡಿದೆವು. ಅವರು ಆರಿಸಿದ್ದು ಒಂದು ಚೂರು ಹೆಚ್ಚು ಬಿಳುಪು ಅನ್ನಿಸಿತು ನನಗೆ. ಅದಕ್ಕಿಂತ ಒಂದು ಶೇಡ್ ಹೆಚ್ಚು ಹಳದಿಯದನ್ನು ಆರಿಸಿದೆ. ಹಲ್ಲು ಒದ್ದೆ ಇರುವಾಗಲೇ ನೋಡಬೇಕು, ಒಣಗಿದರೆ ಬಿಳಿಚಿಕೊಳ್ಳುತ್ತದೆ ಅಂತ ಅವರು ಹೇಳಿದರು. ಒದ್ದೆ ಬಟ್ಟೆಯ ಬಣ್ಣ ಬೇರೆ, ಒಣಬಟ್ಟೆಯ ಬಣ್ಣ ಬೇರೆ. ನನಗೆ ಅರ್ಥವಾಯಿತು.

ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಇಂಜೆಕ್ಷನ್ನೂ ಬೇಕಾಗಲಿಲ್ಲ. ಹುಳಿಹುಳಿಯಾದ ಏನೋ ಹಚ್ಚಿ ತೊಳೆದರು, ಪೇಸ್ಟು ಹಚ್ಚಿ ಲೈಟು ಬಿಟ್ಟರು, ಮತ್ತೆ ಹಚ್ಚಿದರು, ಮತ್ತೆ ಲೈಟು. ಕೊನೆಗೆ ಉಜ್ಜಿ ನಯ ಮಾಡಿ, ಬಣ್ಣದ ಕಾಗದ ಕಚ್ಚಿಸಿ ನೋಡಿ, ಎತ್ತರ ತಾಗಿದ ಕಡೆ ಮತ್ತಷ್ಟು ಉಜ್ಜಿದರು. ಕನ್ನಡಿ ಕೊಟ್ಟರು. ಎಂಟನೇ ಕ್ಲಾಸಿನ ಹುಡುಗಿಗೆ ಇರಬೇಕಾದ ಹಲ್ಲು ಐವತ್ತು ದಾಟಿದವಳ ಬಾಯಲ್ಲಿತ್ತು. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಿಟ್ಟು. ಇಷ್ಟೇನಾ? ಇಷ್ಟು ಸುಲಭವಾಗಿ ಆಗುವುದಕ್ಕೆ ಇಷ್ಟು ವರ್ಷ ಬಾಯಿಗೆ ಕೈ ಅಡ್ಡ ಹಿಡಿದೆನಾ?

ಅಮ್ಮ ನಾಗಸಂದ್ರದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಆ ಶನಿವಾರ ಯಶವಂತಪುರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮೆಟ್ರೋದಲ್ಲಿ ಹೋದೆ. ಅಣ್ಣ ಅತ್ತಿಗೆ ಹೊರಗೆ ಹೋಗಿದ್ದರು. ಅಮ್ಮ ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಕೆಳಗೆ ಕೂತು ಸುಲಿಯಲು ಶುರುಮಾಡಿದೆ. ಗುರುವಂದನೆಯ ಸುದ್ದಿ ಅವರಿಗೆ ತಲುಪಿತ್ತು.

"ಅಮ್ಮ, ಅವತ್ತು ಮೇಷ್ಟ್ರು ಬಂದಿದ್ದಾಗ, ನಲ್ಲಿಕಟ್ಟೆ ಅಂತ ಮೊದಲು ಹೇಳಿದ್ದು ಯಾರು? ಅಪ್ಪನಾ, ಅವರಾ?"

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಯಾರ್ ಏಳಿದ್ರೋ, ನಂಗೇನ್ ಗೊತ್ತು. ಇಬ್ರೂ ಕೂತ್ಕಂಡು ಕಾಫಿ ಕುಡುದ್ರು."

"ಕಾಫಿ ಯಾರು ಮಾಡಿದ್ದು?"

"ನಾನೇ ಮಾಡ್ದೆ. ಮನೇಗ್ ಬಂದೋರ್ಗೆ ಕೊಡ್ದಂಗಿರಾಕಾಯ್ತದಾ?"

ನಾನು ಮೊರದಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದೆ. ಕೇಳುವುದಕ್ಕೆ ಇನ್ನೂ ಬಹಳ ಇತ್ತು. ನೀನು ಯಾಕೆ ಸುಮ್ಮನಿದ್ದೆ, ನನ್ನ ತುಟಿ ಕಾಣಲಿಲ್ಲವಾ, ಒಂದು ಸಲವಾದರೂ ನನ್ನ ಹತ್ತಿರ ಬಂದು, ಗೊತ್ತು ಮಗಳೇ, ನೀನು ಬೀಳಲಿಲ್ಲ ಅಂತ ಯಾಕೆ ಹೇಳಲಿಲ್ಲ. ಅಮ್ಮನ ಬೆರಳುಗಳು ಸೊಟ್ಟಗಾಗಿದ್ದವು, ಕಾಯಿ ಬಿಡಿಸಲು ಕಷ್ಟಪಡುತ್ತಿದ್ದವು. ಕೇಳಲಿಲ್ಲ. ಕ್ಷಮಿಸಿ ಸುಮ್ಮನಾ​ದೆನೆಂದು ಯಾರೂ ತಿಳಿಯಬಾರದು. ಕೇಳಿದರೆ ಅಮ್ಮ ಅತ್ತುಬಿಡುತ್ತಿದ್ದರು, ಆಮೇಲೆ ನಾನೇ ಸಮಾಧಾನ ಮಾಡಬೇಕಾಗುತ್ತಿತ್ತು. ಅಷ್ಟು ಒಳ್ಳೆಯತನ ಅವತ್ತು ನನ್ನಲ್ಲಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ತಲೆಯೆತ್ತಿ ನನ್ನ ಮುಖ ದಿಟ್ಟಿಸಿದರು.

"ಅಲ್ಲು ಸರಿ ಮಾಡಿಸ್ಕಂಡ್ಯಂತೆ? ಯಾವ್ದು, ಎಲ್ಲಿ ತೋರ್ಸು."

ನಾನು ಬಾಯಿ ಮುಚ್ಚಿಕೊಂಡು ಅವರೆಕಾಯಿ ಸುಲಿದೆ.